ಸ್ವಾಮ್ಯಾರು ಬರೂತನಕ

ಹಳ್ಳದಕೇರಿ,
ಮುಂಡರಗಿ ತಾಲೂಕು
೮ ಫೆಬ್ರವರಿ ೧೯೮೨, ಸೋಮವಾರ

ಪ್ರೀತಿಯ ಅಗ್ನೇಸ್,

ಯೇಸುಸ್ವಾಮಿಯ ಶಾಂತಿ ನಿನಗಿರಲಿ. ಇಲ್ಲಿ ಎಲ್ಲರೂ ಕ್ಷೇಮವೆಂದು ಬರೆಯುವುದು ರೂಢಿ. ನನ್ನ ಮೊಣಕಾಲುಗಳನ್ನೂ ದವಾಖಾನೆಯ ಮಾಳಿಗೆಯನ್ನೂ ಬಿಟ್ಟರೆ ಉಳಿದವರೆಲ್ಲ ಕ್ಷೇಮ. ಈ ಎರಡೂ ಹೋದ ಮಳೆಗಾಲದಲ್ಲಿ ಕೆಟ್ಟವು, ಎರಡಕ್ಕೂ ಇನ್ನೂ ಗೌಂಡಿ ಸಿಕ್ಕಿಲ್ಲ.

ನಿನ್ನ ಮೂರು ಪತ್ರಗಳು ನನ್ನ ಜಪದ ಪುಸ್ತಕದೊಳಗೆ ಕುಳಿತಿವೆ. ಉತ್ತರ ಬರೆಯಲು ತಡವಾಯಿತು, ತಪ್ಪು ನನ್ನದು. ಕಣ್ಣಿಗೆ ಪೊರೆ ಬಂದಿದೆ ಅನ್ನಬಹುದು, ಕ್ರಿಸ್ಮಸ್ಸಿನ ಕೆಲಸ ಅನ್ನಬಹುದು, ಶಿರಹಟ್ಟಿ ಕಡೆಯಿಂದ ಬಂದ ದಡಾರದಿಂದಾಗಿ ಜನವರಿಯಿಡೀ ಮಕ್ಕಳನ್ನು ನೋಡುವುದೇ ಆಯಿತು ಅನ್ನಬಹುದು. ಎಲ್ಲವೂ ನಿಜವೇ. ಆದರೆ ನಾನು ಎರಡು ಸಲ ಬರೆದು ಹರಿದೆ ಎಂಬುದೂ ನಿಜ.

ಟಪಾಲಿನ ಅಲ್ಲಾಸಾಬ ಮೊನ್ನೆ ಸೈಕಲ್ಲು ಇಳಿಯದೆಯೇ, ಒಂದು ಕಾಲನ್ನು ನಮ್ಮ ಕಟ್ಟೆಯ ಮೇಲಿಟ್ಟು ಕೇಳಿಯೇಬಿಟ್ಟ. "ಅಕ್ಕಾರ, ಬೆಂಗಳೂರಿಂದ ಮೂರು ಬಂದ್ವು, ಇಲ್ಲಿಂದ ಒಂದೂ ಹೋಗಲಿಲ್ಲ. ಆ ಹುಡುಗಿ ಏನಂತ ತಿಳ್ಕೋಬೇಕ್ರಿ?" ನಮ್ಮ ಕೇರಿಯ ಫಕ್ಕೀರವ್ವನ ಮಗಳು ಸನ್ಯಾಸಿನಿಯಾಗಿ ಬೆಂಗಳೂರಿನಲ್ಲಿ ದೈವಶಾಸ್ತ್ರ ಓದುತ್ತಾಳೆಂದರೆ ಅವನಿಗೆ ತನ್ನ ಮಗಳೇ ಓದಿದಷ್ಟು ಹೆಮ್ಮೆ. ಅವನ ಕಾಟ ತಪ್ಪಿಸಿಕೊಳ್ಳಲಿಕ್ಕಾದರೂ ಇವತ್ತು ಬರೆಯಲು ಕುಳಿತೆ.

ಮೊದಲು ಊರಿನ ಸುದ್ದಿ. ಫಾದರ್ ಕಜೇತಾನರಿಗೆ ಖಾನಾಪುರದ ಕಡೆ ವರ್ಗವಾಯಿತು. ಹೋಗುವಾಗ ಕೇರಿಯವರು ಕೊಟ್ಟ ಗುರೆಳ್ಳಿನ ಚಟ್ನಿಯ ಡಬ್ಬಿಯನ್ನು ಮೋಟರ್ ಸೈಕಲ್ಲಿಗೆ ಕಟ್ಟಿಕೊಂಡು ಅತ್ತರು. ಈಗ ಬಂದಿರುವವರು ಫಾದರ್ ಎಲಿಯಾಸ್, ಇನ್ನೂ ಮೀಸೆ ದಪ್ಪಗಾಗದ ಹುಡುಗ. ಗದಗಿನಿಂದ ತಿಂಗಳ ಎರಡನೆಯ ಭಾನುವಾರ ಬರುತ್ತಾರೆ, ಬಿಸಿನೀರು ಬಿಟ್ಟು ಏನೂ ಕುಡಿಯುವುದಿಲ್ಲ. ಮೊದಲ ದಿನ ಅವರು ಜನರ ಮುಂದೆ ನಿಂತು "ಸಿಸ್ಟರ್ ಸ್ಕೊಲಾಸ್ತಿಕಾ" ಎಂದು ಕರೆದಾಗ ಎಲ್ಲರೂ ಅದು ಯಾರೆಂದು ಹಿಂದೆ ತಿರುಗಿ ನೋಡಿದರು. ಈ ಕೇರಿಯ ಯಾವ ನಾಲಿಗೆಗೂ ನನ್ನ ಹೆಸರು ಇಪ್ಪತ್ತಾರು ವರ್ಷದಲ್ಲಿ ಒಗ್ಗಲಿಲ್ಲ, ಕಸ್ತೂರಕ್ಕ ಎಂದು ಕರೆದು ಕೈತೊಳೆದುಕೊಂಡಿದ್ದಾರೆ. ಮೋತಿಬಿ ಹಾಗೆಯೇ ಇದ್ದಾಳೆ. ಹಲ್ಲು ಎರಡು ಬಿದ್ದಿವೆ, ಸೂಲಗಿತ್ತಿ ಕೆಲಸ ಬಿಟ್ಟಿಲ್ಲ, ದವಾಖಾನೆಯ ಬಿಸಿನೀರಿನ ಹಂಡೆಯ ಮೇಲಿನ ಅಧಿಕಾರವನ್ನೂ ಬಿಟ್ಟಿಲ್ಲ.

ಇನ್ನು ನಿನ್ನ ಪ್ರಶ್ನೆಗಳು. ನೀನು ಕೇಳಿದ್ದು ಎರಡು. ಏಪ್ರಿಲಿನಲ್ಲಿ ನಿಮ್ಮಲ್ಲಿ ಸಿಸ್ಟರುಗಳ ಸಭೆಯಿದೆ, ಹೆಂಗಸರಿಗೆ ಗುರುದೀಕ್ಷೆ ಏಕಿಲ್ಲ ಎಂಬ ಬಗ್ಗೆ ಮಾತಾಡುತ್ತೀರಿ, ಗುರುಗಳಿಲ್ಲದ ಹಳ್ಳಿಯಲ್ಲಿ ನಾನು ಏನೇನು ಮಾಡುತ್ತೇನೆಂದು ಬರೆದು ಕಳಿಸಿದರೆ ಅಲ್ಲಿ ಎದ್ದು ನಿಂತು ಓದುತ್ತೇನೆ ಎಂದಿದ್ದೀಯ. "ನಮ್ಮ ಕೇರಿಯ ನಿಜವಾದ ಗುರು ನೀವೇ" ಎಂಬ ಒಂದು ಸಾಲನ್ನೂ ಸೇರಿಸಿದ್ದೀಯ. ಆ ಸಾಲನ್ನು ಓದಿ ನಾನು ಕನ್ನಡಕ ತೆಗೆದಿಟ್ಟೆ.

ಎರಡನೆಯದು ನಿನ್ನ ಅವ್ವನದು. ಮಾರ್ಚ್ ಇಪ್ಪತ್ತೈದಕ್ಕೆ ನಿನ್ನ ನಿತ್ಯವ್ರತ, ಆಮೇಲೆ ಹಿಂದಕ್ಕೆ ಬರುವ ಮಾತಿಲ್ಲ. ನೀನು ಕಾನ್ವೆಂಟಿಗೆ ಹೊರಟ ದಿನ ಫಕ್ಕೀರವ್ವ ಹೊಸಿಲಲ್ಲಿ ನಿಂತು, "ನೀ ಹೋದ್ರ ಸಾಯೂತನಕ ನಿನ್ನ ಕೂಡ ಮಾತಾಡಂಗಿಲ್ಲ" ಅಂದಿದ್ದಳು. ಎರಡು ವರ್ಷದ ಮೇಲೆ ಅವಳು ಸಾಯುವಾಗ ನೀನು ಬಂದು ಮಂಚದ ಪಕ್ಕ ಮೂರು ದಿನ ಕುಳಿತೆ. ಅವಳು ಒಂದು ಮಾತನ್ನೂ ಆಡದೆ ಗೋಡೆಗೆ ಮುಖ ಮಾಡಿ ಹೋದಳು. "ಅವ್ವ ಅಂದದ್ದನ್ನೇ ಮಾಡಿದಳು. ಅವಳ ಸಿಟ್ಟನ್ನು ತಲೆಯ ಮೇಲೆ ಹೊತ್ತು ನಾನು ದೇವರ ಮುಂದೆ ಹೇಗೆ ಮೊಣಕಾಲೂರಲಿ? ವ್ರತ ಮುಂದಕ್ಕೆ ಹಾಕಿ ಎಂದು ಮದರಿಗೆ ಕೇಳಿದ್ದೇನೆ. ಬಿಟ್ಟು ಬಂದರೂ ಬಂದೆ" ಎಂದು ಬರೆದಿದ್ದೀಯ. ನಿನಗೆ ಕಾಣದ ಹಾಗೆ ಅವಳು ನನ್ನ ಹತ್ತಿರ ಏನಾದರೂ ಅಂದಿದ್ದಳೇ ಎಂದು ಕೇಳಿದ್ದೀಯ.

ಮೊದಲನೆಯದಕ್ಕೇ ಮೊದಲು ಉತ್ತರ ಹೇಳುತ್ತೇನೆ, ಅದು ಸುಲಭ.

ನಮ್ಮ ಚರ್ಚು ನಿನಗೆ ಗೊತ್ತಿದ್ದದ್ದೇ, ಹಳೆಯ ಹತ್ತಿಯ ಗೋದಾಮು. ಇವತ್ತಿಗೂ ಮಳೆ ಬಂದರೆ ಗೋಡೆಯಿಂದ ಹತ್ತಿಕಾಳಿನ ವಾಸನೆ ಬರುತ್ತದೆ. ಭಾನುವಾರ ಬೆಳಿಗ್ಗೆ ಲಕ್ಷ್ಮಪ್ಪ ಗಂಟೆಯ ಬದಲು ರೈಲುಕಂಬಿಯ ತುಂಡನ್ನು ಬಾರಿಸುತ್ತಾನೆ. ಗಂಡಸರು ಆಚೆ, ಹೆಂಗಸರು ಈಚೆ ಜಮಖಾನೆಯ ಮೇಲೆ ಕೂರುತ್ತಾರೆ. ನಾನು ಶುಭಸಂದೇಶ ಓದುತ್ತೇನೆ, ಅದರ ಮೇಲೆ ನಾಲ್ಕು ಮಾತು ಹೇಳುತ್ತೇನೆ, ಅದು ನಾಲ್ಕಕ್ಕೆ ನಿಲ್ಲುವುದಿಲ್ಲ. ಆಮೇಲೆ ಫಾದರ್ ತಿಂಗಳಿಗೊಮ್ಮೆ ಪೂಜೆ ಮಾಡಿ ಪೆಟ್ಟಿಗೆಯಲ್ಲಿಟ್ಟು ಹೋದ ಪರಮಪ್ರಸಾದದ ರೊಟ್ಟಿಯನ್ನು ಹಂಚುತ್ತೇನೆ. ಹಂಚಲು ಬಿಷಪ್ಪರ ಅನುಮತಿಯ ಕಾಗದವಿದೆ, ಗೋಡೆಗೆ ಕಟ್ಟು ಹಾಕಿಸಿ ನೇತುಹಾಕಿದ್ದೇವೆ. ಹಳ್ಳ ಬಂದು ಫಾದರ್ ತಪ್ಪಿಸಿದರೆ ಒಂದು ರೊಟ್ಟಿಯನ್ನು ಎರಡು ಮಾಡುತ್ತೇನೆ, ಮತ್ತೂ ತಪ್ಪಿಸಿದರೆ ನಾಲ್ಕು ಮಾಡುತ್ತೇನೆ. ಒಮ್ಮೆ ಚೂರು ಎಷ್ಟು ಸಣ್ಣದಾಗಿತ್ತೆಂದರೆ ಒಬ್ಬ ಮುದುಕ, "ಅಕ್ಕಾರ, ಬಿತ್ತೋ ಇಲ್ಲೋ ಗೊತ್ತಾಗಲಿಲ್ಲ, ಇನ್ನೊಂದು ಕೊಡ್ರಿ" ಅಂದ.

ಜನರಿಗೆ ಇದೂ ಪೂಜೆಯೇ. "ಅಕ್ಕಾರ ಪೂಜಿ" ಒಂದು, "ಸ್ವಾಮ್ಯಾರ ಪೂಜಿ" ಒಂದು. ನಾನು ಮಾಡುವುದು ಪೂಜೆಯಲ್ಲ, ಬರೀ ಪ್ರಾರ್ಥನೆ ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. ಫಾದರ್ ಕಜೇತಾನರು ಅದಕ್ಕೆಂದೇ ನಾನು ಪೀಠದ ಹಿಂದೆ ನಿಲ್ಲಕೂಡದೆಂದು ಪಕ್ಕದಲ್ಲಿ ಒಂದು ಸಣ್ಣ ಮೇಜು ಹಾಕಿಸಿದ್ದರು. ಲಕ್ಷ್ಮಪ್ಪ ಆ ಮೇಜಿಗೂ ಒಂದು ಕಸೂತಿಯ ಬಟ್ಟೆ ಹೊದಿಸಿ ಎರಡು ಮೇಣದಬತ್ತಿ ಇಟ್ಟ. ಫಾದರ್ ನೋಡಿದರು, ನಕ್ಕರು, ಸುಮ್ಮನಾದರು.

ಬಿಷಪ್ಪರು ಬಂದಾಗ ಏನಾಯಿತೆಂದು ನಿಮ್ಮ ಸಭೆಯಲ್ಲಿ ಓದು, ನಗಲಿ. ಊಟ ಮುಗಿಸಿ ಕಟ್ಟೆಯ ಮೇಲೆ ಕುಳಿತಿದ್ದರು. ಲಕ್ಷ್ಮಪ್ಪ ಕೈಮುಗಿದು ನಿಂತ. "ಎಪ್ಪಾ, ಒಂದು ಅರಿಕೆ ಐತ್ರಿ. ತಿಂಗಳಿಗೊಮ್ಮೆ ಸ್ವಾಮ್ಯಾರು ಬರ್ತಾರ, ಮಳಿ ಆದ್ರ ಅದೂ ಇಲ್ಲ. ನಮ್ಮ ಅಕ್ಕಾರ ಇಲ್ಲೇ ಅದಾರ. ಅವರಿಗೇ ದೀಕ್ಷಾ ಕೊಟ್ಟು ಹೋಗಿಬಿಡ್ರಿ, ನಿಮಗೂ ಪೆಟ್ರೋಲ್ ಉಳೀತೈತಿ." ನಾನು ನಾಚಿಕೆಯಿಂದ ಅಡುಗೆಮನೆಗೆ ಓಡಿದೆ. ಬಿಷಪ್ಪರು ಒಳ್ಳೆಯವರು, ಬೇಸರಪಡಲಿಲ್ಲ. ಆ ಅಧಿಕಾರ ತಮ್ಮ ಕೈಯಲ್ಲಿಲ್ಲ, ರೋಮಿನವರೂ ಅದು ತಮ್ಮ ಕೈಯಲ್ಲಿಲ್ಲವೆಂದೇ ಬರೆದಿದ್ದಾರೆ, ಯೇಸುಸ್ವಾಮಿ ಹನ್ನೆರಡು ಗಂಡಸರನ್ನೇ ಆರಿಸಿದ್ದರಿಂದ ಅದನ್ನು ಬದಲಿಸಲು ಯಾರಿಗೂ ಬರುವುದಿಲ್ಲ ಎಂದು ತಿಳಿಸಿ ಹೇಳಿದರು. ಲಕ್ಷ್ಮಪ್ಪ ತಲೆ ಕೆರೆದುಕೊಂಡ. "ನಿಮ್ಮ ಕೈಯಾಗಿಲ್ಲ, ಅವರ ಕೈಯಾಗೂ ಇಲ್ಲ. ಹಂಗಾರ ಯಾರ ಕೈಯಾಗೈತ್ರಿ?" ಅಡುಗೆಮನೆಯಲ್ಲಿ ಮೋತಿಬಿ ನನ್ನ ಕಿವಿಯಲ್ಲಿ ಹೇಳಿದಳು, "ದೇವರು ವರಾ ಕೊಟ್ರೂ ಪೂಜಾರಿ ಕೊಡಾಣಿಲ್ಲ ಅಂತಾರಲ್ರಿ, ಇದ ನೋಡ್ರಿ."

ಮೋತಿಬಿಯ ಕಥೆಯನ್ನೂ ಬರೆಯುತ್ತೇನೆ. ಜೀವ ಹೋಗುವ ಕೂಸಿಗೆ ಯಾರು ಬೇಕಾದರೂ ನೀರು ಹಾಕಿ ಜ್ಞಾನಸ್ನಾನ ಕೊಡಬಹುದು, ಹೆಂಗಸಾದರೂ ಸರಿ, ಬೇರೆ ಧರ್ಮದವರಾದರೂ ಸರಿ, ಅದು ನಮ್ಮ ಧರ್ಮಸಭೆಯ ಕಾನೂನು. ನಾನಿಲ್ಲದಾಗ ಬೇಕಾದೀತೆಂದು ಫಾದರ್ ಕಜೇತಾನರು ಮೋತಿಬಿಗೆ ಆ ಮಂತ್ರವನ್ನು ಬಾಯಿಪಾಠ ಮಾಡಿಸಿದ್ದರು. ಒಮ್ಮೆ ನಾನು ಔಷಧ ತರಲು ಗದಗಿಗೆ ಹೋಗಿದ್ದಾಗ ಅವಳು ಒಂದು ಏಳು ತಿಂಗಳ ಕೂಸಿಗೆ ಲೋಟದಲ್ಲಿ ನೀರು ಹಾಕಿ ಹೆಸರಿಟ್ಟಳು. ಕೂಸು ಅರ್ಧ ತಾಸು ಇತ್ತು. ಅವತ್ತಿನಿಂದ ಅವಳು ನನ್ನನ್ನು ಕೇಳುತ್ತಾಳೆ, "ನೀರು ಹಾಕಾಕ ನನಗೂ ಬರತೈತಿ, ನಿಮಗೂ ಬರತೈತಿ. ಸಾಯೋ ಮುಂದ ತಪ್ಪಾತು ಅಂದವರಿಗೆ ಆತು ಹೋಗು ಅನ್ನಾಕ ನಿಮಗ ಯಾಕ ಬರಂಗಿಲ್ರಿ?" ಪಾಪನಿವೇದನೆ ಕೇಳಿ ಕ್ಷಮೆ ಕೊಡುವುದಕ್ಕೆ, ಸಾಯುವವರ ಹಣೆಗೆ ತೈಲ ಹಚ್ಚುವುದಕ್ಕೆ ದೀಕ್ಷೆಯಾದ ಗುರುವೇ ಬೇಕು ಎಂದು ನಾನು ಹೇಳುತ್ತೇನೆ. ಅವಳು ತಲೆಯಾಡಿಸಿ ಹಂಡೆಯ ಕಡೆ ಹೋಗುತ್ತಾಳೆ.

"ಬಿಷಪ್ಪರು ಕರೆದರೆ ನೀವು ಮೊಣಕಾಲೂರುತ್ತೀರಾ?" ಎಂದು ಕೇಳಿದ್ದೀಯ. ಈ ವಯಸ್ಸಿನಲ್ಲಿ ಊರಿದರೆ ಎಬ್ಬಿಸಲು ಇಬ್ಬರು ಬೇಕು ತಾಯಿ! ಗದಗಿನ ರೈಲ್ವೆ ಕ್ವಾರ್ಟರಿನಲ್ಲಿ ನಾವು ಮಕ್ಕಳು ಪೂಜೆಯ ಆಟ ಆಡುತ್ತಿದ್ದೆವು. ಜೋಳದ ರೊಟ್ಟಿಯನ್ನು ಲೋಟದ ಬಾಯಿಂದ ಗುಂಡಗೆ ಕತ್ತರಿಸಿ ನಾನೇ ಹಂಚುತ್ತಿದ್ದೆ, ಅಣ್ಣಂದಿರು ಸಾಲಾಗಿ ಬಾಯಿ ತೆರೆಯುತ್ತಿದ್ದರು. ಒಮ್ಮೆ ನಮ್ಮ ತಾಯಿ ನೋಡಿ ಉಳ್ಳಾಗಡ್ಡಿ ಹೆಚ್ಚುತ್ತಿದ್ದ ಕೈಯಿಂದಲೇ ಕಪಾಳಕ್ಕೆ ಬಿಗಿದಳು. ಕಣ್ಣು ಉರಿದದ್ದು ಪೆಟ್ಟಿಗೋ ಉಳ್ಳಾಗಡ್ಡಿಗೋ ತಿಳಿಯಲಿಲ್ಲ. ಆಸೆ ಇತ್ತು ಅಗ್ನೇಸ್, ಇಲ್ಲವೆಂದರೆ ಸುಳ್ಳಾಗುತ್ತದೆ. ಆಮೇಲೆ ಆ ಆಸೆಯನ್ನು ನಾನೇ ಮಡಚಿ ಇಟ್ಟೆ. ನಾನು ಕಾಯಿದೆಯ ಹೆಂಗಸು ಎಂದು ಎಲ್ಲರೂ ಹೊಗಳಿದರು, ಹೊಗಳಿಕೆ ಚೆನ್ನಾಗಿತ್ತು.

ಇದೊಂದನ್ನು ಸಭೆಯಲ್ಲಿ ಓದಬೇಡ. ಪ್ರಸಾದ ಹಂಚುವಾಗ ನಾನು ಯಾರ ಮುಖವನ್ನೂ ನೋಡುವುದಿಲ್ಲ, ಬಾಯಿಯನ್ನಷ್ಟೇ ನೋಡುತ್ತೇನೆ. ಒಂದೊಂದು ಭಾನುವಾರ ಸಾಲು ಮುಗಿದ ಮೇಲೂ ಇನ್ನೊಬ್ಬರು ಇದ್ದಾರೆ ಅನ್ನಿಸುತ್ತದೆ. ಹೆಂಗಸರ ಸಾಲಿನ ಕೊನೆಗೆ, ಕಂಬದ ಹತ್ತಿರ. ಕೈಯಲ್ಲಿ ರೊಟ್ಟಿ ಹಿಡಿದು ನಿಂತುಬಿಡುತ್ತೇನೆ, ಎದುರಿಗಿನ ಬಾಯಿ ತೆರೆಯುವುದಿಲ್ಲ. ಲಕ್ಷ್ಮಪ್ಪ ಕೆಮ್ಮಿದರೆ ನನಗೆ ಎಚ್ಚರವಾಗುತ್ತದೆ. ವಯಸ್ಸಾಯಿತು ಎಂದು ಅವನು ತಿಳಿದುಕೊಂಡಿದ್ದಾನೆ. ಮಳೆಗಾಲದಲ್ಲಿ ಇನ್ನೂ ಒಂದಿದೆ. ಹಳ್ಳದ ಆಚೆಯಿಂದ ಮೋಟರ್ ಸೈಕಲ್ಲಿನ ಸದ್ದು ಕೇಳುತ್ತದೆ, ಹೊರಗೆ ಬಂದರೆ ಎರೆಮಣ್ಣಿನ ಕೆಸರು ಬಿಟ್ಟು ಏನೂ ಇರುವುದಿಲ್ಲ. ನಾನು ದೆವ್ವ ನಂಬುವವಳಲ್ಲ, ನಿನಗೆ ಗೊತ್ತು. ಚಿಕ್ಕವಳಿದ್ದಾಗ ಹುಣಸೆಮರದ ದೆವ್ವವೆಂದು ಅಳುತ್ತಿದ್ದ ನಿನ್ನನ್ನು ಅದೇ ಮರದ ಕೆಳಗೆ ಕೂರಿಸಿ ಮಗ್ಗಿ ಹೇಳಿಸಿದವಳು ನಾನೇ.

ನಿನ್ನ ಎರಡನೆಯ ಪ್ರಶ್ನೆಗೆ ಆಗ ಹೇಳಿದ್ದನ್ನೇ ಈಗಲೂ ಬರೆಯುತ್ತೇನೆ. ನಿನ್ನ ಅವ್ವ ಸಮಾಧಾನದಿಂದ ಹೋದಳು. ಮನಸ್ಸಿನೊಳಗೇ ಪಶ್ಚಾತ್ತಾಪಪಟ್ಟು ದೇವರ ಪಾದ ಸೇರಿದಳು. ಕಾಮಾಲೆ ತಲೆಗೇರಿದರೆ ಮಾತು ನಿಲ್ಲುವುದುಂಟು. ತಾಯಿಯ ಸಿಟ್ಟು ಸ್ವರ್ಗದ ಬಾಗಿಲು ದಾಟುವುದಿಲ್ಲ. ನೀನು ವ್ರತವನ್ನು ಮುಂದಕ್ಕೆ ಹಾಕಬೇಡ. ಧೈರ್ಯವಾಗಿರು, ಚೆನ್ನಾಗಿ ಉಣ್ಣು, ಚಳಿಗೆ ಕಿವಿ ಮುಚ್ಚಿಕೋ.

ಮಾತೆ ಮರಿಯಮ್ಮನ ಸೆರಗು ನಿನ್ನ ತಲೆಯ ಮೇಲಿರಲಿ. ಲಕ್ಷ್ಮಪ್ಪ, ಅಲ್ಲಾಸಾಬ, ಮೋತಿಬಿ ಎಲ್ಲರೂ ನಿನ್ನನ್ನು ನೆನೆಸುತ್ತಾರೆ. ಮೋತಿಬಿ ಒಂದು ಪೊಟ್ಟಣ ಕರದಂಟು ಕಳಿಸುತ್ತಾಳಂತೆ, ಹಲ್ಲು ಗಟ್ಟಿ ಇರುವಾಗಲೇ ತಿನ್ನು ಎಂದಳು.

ನಿನ್ನ ಹಿತವನ್ನೇ ಬಯಸುವ,
ಕಸ್ತೂರಕ್ಕ
(ಸಿ. ಸ್ಕೊಲಾಸ್ತಿಕಾ)

ತಾ.ಕ.
ಬುಧವಾರ, ೧೦ನೆಯ ತಾರೀಖು

ಅಗ್ನೇಸ್, ಮೇಲಿನ ಪತ್ರವನ್ನು ಲಕೋಟೆಗೆ ಹಾಕಿ ಅಂಟಿಸಿದ್ದೆ. ಮೋತಿಬಿ ನೋಡಿ, "ಬರದ್ರೇನ್ರಿ?" ಅಂದಳು. ಬರೆದೆ ಅಂದೆ. "ಖರೇನ ಬರದ್ರೇನ್ರಿ?" ಅಂದಳು. ನಾನು ಲಕೋಟೆಯನ್ನು ಮಗುಚಿ ಇಟ್ಟೆ. "ಅದು ನನ್ನ ಕಣ್ಣ ಮುಂದ ಆಗಿದ್ದ್ರಿ. ಏಳು ವರ್ಷ ಆತು, ಆ ಹುಡುಗಿ ಎದಿ ಮ್ಯಾಲ ಕಲ್ಲು ಇಟ್ಟೀರಿ. ನೀವು ತೆಗೀದಿದ್ರ ನಾ ಅಲ್ಲಾಸಾಬನ ಕಡಿಂದ ಬರಸ್ತೀನಿ." ಲಕೋಟೆಯನ್ನು ಹಂಡೆಯ ಆವಿಗೆ ಹಿಡಿದು ಅವಳೇ ಬಿಚ್ಚಿ ಕೊಟ್ಟಳು.

ನಿನ್ನ ಅವ್ವ ಸಮಾಧಾನದಿಂದ ಹೋಗಲಿಲ್ಲ. ಸಿಟ್ಟಿನಿಂದಲೂ ಹೋಗಲಿಲ್ಲ. ನಡೆದದ್ದು ಹೀಗೆ.

ಅದು ನೀನು ಬರುವ ಹಿಂದಿನ ದಿನ, ಸೋಮವಾರ. ನಿನಗೂ ಫಾದರ್ ಕಜೇತಾನರಿಗೂ ಬೆಳಿಗ್ಗೆಯೇ ಮುಂಡರಗಿಯಿಂದ ತಾರು ಕೊಡಿಸಿದ್ದೆ. ಫಾದರ್ ಆ ವಾರ ಬೆಳಗಾವಿಯಲ್ಲಿ ಧ್ಯಾನಕ್ಕೆ ಕುಳಿತಿದ್ದರು. ನಮ್ಮ ಕಡೆಯ ಗುರುಗಳೆಲ್ಲ ಅಲ್ಲೇ, ಮೌನದಲ್ಲಿ. ಮಧ್ಯಾಹ್ನ ದವಾಖಾನೆಯಲ್ಲಿ ನಾನು ಅವಳಿಗೆ ಗಂಜಿ ಕುಡಿಸಿ ಏಳುವಾಗ ನನ್ನ ಮಣಿಕಟ್ಟು ಹಿಡಿದಳು. "ಅಕ್ಕಾರ, ಒಂದು ಮಾತೈತ್ರಿ. ಭಾಳ ವರ್ಷದ್ದು. ಎದ್ಯಾಗ ಕುಂತೈತಿ, ಹೇಳಿ ಹೋಗಬೇಕು."

ಅದು ಪಾಪನಿವೇದನೆಯೆಂದು ನನಗೆ ತಿಳಿಯಿತು. ಹೊರಗೆ ಒಬ್ಬಳ ಹೆರಿಗೆ ಅರ್ಧಕ್ಕೆ ನಿಂತಿತ್ತು, ಮೋತಿಬಿ ನನ್ನನ್ನು ಕರೆಯಲು ಬಂದು ಬಾಗಿಲಲ್ಲಿ ನಿಂತಿದ್ದಳು. ನಾನು ನಿನ್ನ ಅವ್ವನ ಬಾಯಿಯ ಮೇಲೆ ಕೈ ಇಟ್ಟೆ. ಹೌದು, ಈ ಕೈಯನ್ನೇ. "ನನ್ನ ಮುಂದ ಹೇಳಬ್ಯಾಡ ಫಕ್ಕೀರವ್ವ. ನಾ ಕೇಳಿದ್ರ ಉಪಯೋಗಿಲ್ಲ, ನನಗ ಕ್ಷಮಾ ಕೊಡಾಕ ಬರಂಗಿಲ್ಲ. ಸ್ವಾಮ್ಯಾರು ಬರೂತನಕ ಇಟ್ಕೋ" ಅಂದೆ.

ಅವಳು ನನ್ನ ಕೈ ಸರಿಸಿ ಕೇಳಿದಳು, "ಈಗ ಹೇಳಿದ್ರ ಖರ್ಚಾಗತೈತೇನ್ರಿ?"

ನಾನು ಆಗಲೇ ಎದ್ದಿದ್ದೆ. "ಹೂಂ, ಖರ್ಚಾಗತೈತಿ. ಬಾಯಿ ಬಿಗಿ ಹಿಡ್ಕೊಂಡು ಮಲಕ್ಕೋ" ಎಂದು ಹೇಳಿ ಹೊರಗೆ ಓಡಿದೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಔಷಧಿಯನ್ನು ಊಟಕ್ಕೆ ಮೊದಲು ಅಂದರೆ ಮೊದಲು, ನಂತರ ಅಂದರೆ ನಂತರ ತೆಗೆದುಕೊಳ್ಳುತ್ತಿದ್ದ ಹೆಂಗಸು ಅವಳು. ನಾನು ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡಿದಳು. ಆ ಹೊತ್ತಿನಿಂದ ಬಾಯಿ ಬಿಗಿ ಹಿಡಿದಳು. ನೀರು ಕುಡಿದಳು, ಮಾತಾಡಲಿಲ್ಲ. ಬಾಯಿ ತೆರೆದರೆ ಸ್ವಾಮಿಗಳಿಗೆಂದು ಇಟ್ಟುಕೊಂಡದ್ದು ಮೊದಲು ಹೊರಗೆ ಬಿದ್ದುಬಿಡುತ್ತದೆಂದು ಅವಳಿಗೆ ಭಯ. ಮರುದಿನ ನೀನು ಮಳೆಯಲ್ಲಿ ನೆನೆದುಕೊಂಡು ಬಂದು "ಎವ್ವಾ" ಅಂದೆ. ಅವಳು ನಿನ್ನನ್ನು ನೋಡಿದಳು, ಕಣ್ಣು ತುಂಬಿಕೊಂಡಳು, ಗೋಡೆಗೆ ತಿರುಗಿದಳು. ನಿನ್ನ ಮುಖ ನೋಡುತ್ತ ಮಲಗಿದರೆ ತಡೆಯಲಾಗುವುದಿಲ್ಲವೆಂದು ತಿರುಗಿದಳು.

ಬುಧವಾರ ಮೋತಿಬಿ ಬಂದು, "ಫಕ್ಕೀರವ್ವ ಮಗಳ ಕೂಡ ಯಾಕ ಮಾತಾಡವಲ್ಲಳ್ರಿ? ನೀವು ಮೊನ್ನೆ ಬಾಯಿ ಬಿಗಿ ಹಿಡ್ಕೋ ಅಂದದ್ದನ್ನ ಖರೇ ಮಾಡಾಕತ್ತಾಳೇನು?" ಎಂದು ಕೇಳಿದಾಗಲೇ ನನಗೆ ಹೊಳೆದದ್ದು. ನೀನು ಹೊರಗೆ ಕಟ್ಟೆಯ ಮೇಲೆ ಕುಳಿತು ಅಳುತ್ತಿದ್ದೆ. ನಾನು ಒಳಗೆ ಹೋಗಿ, "ಮಗಳ ಕೂಡ ಮಾತಾಡು ಫಕ್ಕೀರವ್ವ, ಅದು ಬ್ಯಾರೆ, ಇದು ಬ್ಯಾರೆ" ಅಂದೆ. ಅವಳು ತಲೆಯಲ್ಲಾಡಿಸಿದಳು. ಎರಡು ಬೆರಳಿಂದ ತುಟಿ ಒತ್ತಿ ಹಿಡಿದು ದಾರಿಯ ಕಡೆ ಕೈ ತೋರಿಸಿದಳು.

ಆಗಲಾದರೂ ನಾನು ಬಾಗಿಲು ಹಾಕಿ, ಅವಳ ಹತ್ತಿರ ಕುಳಿತು, "ನಂದು ತಪ್ಪಾತು, ಹೇಳು, ನಾ ಕೇಳ್ತೀನಿ" ಅನ್ನಬಹುದಿತ್ತು. ಕೇಳುವುದನ್ನು ರೋಮಿನ ಯಾವ ಕಾಯಿದೆಯೂ ಬೇಡ ಅನ್ನುವುದಿಲ್ಲ. ಬೇಡ ಅನ್ನುವುದು ಕ್ಷಮೆಯ ಮಾತನ್ನು ಆಡುವುದಕ್ಕೆ. ಅದು ನನಗೆ ಗೊತ್ತಿತ್ತು. ಆದರೆ ಆ ಕ್ಷಮೆಯ ಮಾತು ನಲವತ್ತು ವರ್ಷದಿಂದ ಕೇಳಿ ಕೇಳಿ ನನಗೆ ಬಾಯಿಪಾಠ. ಅವಳು ಹೇಳಿದರೆ, ಕೇಳಿ, ಅವಳ ಕಣ್ಣು ನೋಡಿ, ನಾನು ಅದನ್ನು ಹೇಳಿಯೇಬಿಡುತ್ತೇನೆಂದು ಹೆದರಿದೆ. ನನ್ನ ಹೆಸರಿಗೆ ಹೆದರಿದೆ ಅಗ್ನೇಸ್. ಕಾಯಿದೆಯ ಹೆಂಗಸು ಎಂಬ ಹೆಸರಿಗೆ.

ಗುರುವಾರ ಬೆಳಿಗ್ಗೆ ಪೆಟ್ಟಿಗೆಯಿಂದ ಪ್ರಸಾದ ತಂದೆ, ಅದನ್ನಾದರೂ ಕೊಟ್ಟು ಕಳಿಸೋಣವೆಂದು. ನೀನು ಹಳ್ಳ ಇಳಿಯಿತೋ ಇಲ್ಲವೋ ನೋಡಲು ಲಕ್ಷ್ಮಪ್ಪನ ಜೊತೆ ಹೋಗಿದ್ದೆ. ತುಟಿಯ ಹತ್ತಿರ ಹಿಡಿದೆ. ಅವಳು ಹಲ್ಲು ಕಚ್ಚಿದಳು. ಪಾಪನಿವೇದನೆ ಮಾಡದೆ ಪ್ರಸಾದ ತೆಗೆದುಕೊಳ್ಳಬಾರದೆಂದು ಅವಳಿಗೆ ಕಲಿಸಿದವಳೂ ನಾನೇ. ಮಧ್ಯಾಹ್ನ ಮೂರರ ಸುಮಾರಿಗೆ ಒಮ್ಮೆ ತಲೆ ಎತ್ತಿ ಬಾಗಿಲ ಕಡೆ ಕಿವಿಗೊಟ್ಟಳು, ಮೋಟರ್ ಸೈಕಲ್ ಬಂದಂತೆ. ಬಂದಿರಲಿಲ್ಲ. ಹಾಗೆಯೇ ಹೋದಳು. ಬಾಯಿ ಕಟ್ಟುವ ಬಟ್ಟೆ ಬೇಕಾಗಲಿಲ್ಲ.

ಶುಕ್ರವಾರ ಫಾದರ್ ಮೊಣಕಾಲುದ್ದ ಕೆಸರಿನಲ್ಲಿ ಗಾಡಿ ತಳ್ಳಿಕೊಂಡು ಬಂದು ಕೇಳಿದಾಗ, ಸಮಾಧಾನದಿಂದ ಹೋದಳು ಅಂದೆ. ಅದನ್ನೇ ನಿನಗೂ ಹೇಳಿದೆ. ನಿಜ ಹೇಳಿದ್ದರೆ ನೀನು ಮೊದಲು ಕೇಳುತ್ತಿದ್ದದ್ದು "ನೀವು ಯಾಕೆ ಕೇಳಲಿಲ್ಲ?" ಎಂದು. ಆ ಪ್ರಶ್ನೆಗಿಂತ ನಿನ್ನ ಅಳುವೇ ನನಗೆ ಹಗುರವಾಗಿತ್ತು. ಇದಕ್ಕಿಂತ ಕೆಟ್ಟ ವಾಕ್ಯ ನಾನು ಜನ್ಮದಲ್ಲಿ ಬರೆದಿಲ್ಲ.

ಈಗ ನಿನ್ನದನ್ನು ನಿನಗೆ ಕೊಡುತ್ತೇನೆ. ಆ ಬುಧವಾರ ಮಧ್ಯಾಹ್ನ ನೀನು ಪ್ರಯಾಣದ ಆಯಾಸಕ್ಕೆ ಮಂಚಕ್ಕೆ ಒರಗಿ ಕುಳಿತಲ್ಲೇ ನಿದ್ದೆ ಹೋದೆ. ನಾನೂ ಮೋತಿಬಿಯೂ ಬಾಗಿಲಲ್ಲಿದ್ದೆವು. ಅವಳು ಗೋಡೆಯಿಂದ ತಿರುಗಿದಳು. ನಿನ್ನ ತಲೆಯ ಬಿಳಿ ಬಟ್ಟೆಯ ಮೇಲೆ ಕೈ ಇಟ್ಟಳು, ನೀನು ಏಳುವವರೆಗೂ ತೆಗೆಯಲಿಲ್ಲ. ನೀನು ಅಲುಗಿದ ಕೂಡಲೇ ಮತ್ತೆ ಗೋಡೆಗೆ ತಿರುಗಿದಳು. ಅದರ ಹಿಂದಿನ ಭಾನುವಾರ, ಬಾಯಿ ಇನ್ನೂ ಅವಳದೇ ಆಗಿದ್ದಾಗ, ನನ್ನನ್ನು ಕೇಳಿದ್ದಳು, "ನನ್ನ ಅಗನಿಗೆ ಅಲ್ಲಿ ಬರೇ ಅನ್ನ ಹಾಕ್ತಾರಂತಲ್ರಿ, ರೊಟ್ಟಿ ಇಲ್ದ ಹ್ಯಾಂಗ ತುಂಬೀತು ಹೊಟ್ಟಿ?" ಸಿಟ್ಟಾದ ತಾಯಿ ಕೇಳುವ ಮಾತೇ ಇದು?

ಈ ತಾಜಾ ಕಲಮನ್ನೂ ನಿಮ್ಮ ಸಭೆಯಲ್ಲಿ ಓದು, ನನ್ನ ಹೆಸರು ಹಾಕಿಯೇ ಓದು. ನನಗೆ ದೀಕ್ಷೆಯಾಗಿದ್ದರೆ ಅವಳ ಮಾತು ಕೇಳುತ್ತಿದ್ದೆ. ದೀಕ್ಷೆ ಇಲ್ಲದೆಯೂ ಕೇಳಬಹುದಿತ್ತು. ಎರಡೂ ನಿಜ, ಇವೆರಡನ್ನೂ ಬೇರೆ ಮಾಡಲು ನನ್ನಿಂದ ಇಂದಿಗೂ ಆಗಿಲ್ಲ. ಓದಿದವರು ನೀವು, ಮಾಡಿ ನೋಡಿ.

ಅಲ್ಲಾಸಾಬ ಬರುವ ಹೊತ್ತಾಯಿತು. ಅವಳು ಹೇಳಬೇಕೆಂದಿದ್ದ ಮಾತು ಏನೆಂದು ನನಗೆ ಗೊತ್ತಿಲ್ಲ. ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ಇದನ್ನು ಓದಿದ ಮೇಲೆ ನಿನ್ನ ಬಾಯಿಗೂ ಒಂದು ಮಾತು ಬರುತ್ತದೆ, ಬರಲೇಬೇಕು. ಬೈಗುಳವಾದರೆ ಬೈಗುಳ, ಶಾಪವಾದರೆ ಶಾಪ. ಅದನ್ನು ಮದರಿಗೆಂದು, ಗುರುಗಳಿಗೆಂದು, ದೇವರಿಗೆಂದು ಇಟ್ಟುಕೊಳ್ಳಬೇಡ ಮಗಳೇ. ನನ್ನ ಮುಂದೆಯೇ ಹೇಳು.